ಹನ್ನೊಂದನೇ ಪರಿಷ್ಕರಣೆ

ಕೈಪಿಡಿಯ ಪ್ರಕಾರ ಇವತ್ತು ರಜೆ.
ಪುಟ ನಲವತ್ತು: ಗುರುವಾರ ಪಂಪು ಪರೀಕ್ಷೆ ಕೂಡದು,
ಅಂದು ಮತ್ತು ಮರುದಿನ ಸಿಬ್ಬಂದಿಗೆ ವಾರದ ಬಿಡುವು.
ಗುರುವಾರ ದುಡಿಮೆಗೆ ಸೇರಿ ಎಷ್ಟೋ ವರ್ಷವಾಯಿತು.
ಬರ್ಕಾದ ಕಡಲಂಚಿನಲ್ಲಿ,
ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಈ ಗದ್ದಲದಲ್ಲಿ,
ಕಾಗದದ ಗುರುವಾರ ಇನ್ನೂ ಕಾಲು ಚಾಚಿ ಮಲಗಿದೆ.

ನಾನು ದಾಖಲೆ ಕೋಣೆಯವನು.
ಹಸಿರು ರಟ್ಟಿನ ಮುನ್ನೂರ ಹತ್ತು ಕಡತಗಳ
ಧೂಳು ಒರೆಸುವವನು, ಮೊಹರು ಒತ್ತುವವನು.
ಮೂರು ವರ್ಷಕ್ಕೊಮ್ಮೆ ಹೊಸ ಮುಖಪುಟ ಬರುತ್ತದೆ,
ಹೊಸ ಲಾಂಛನ, ಹೊಸ ಕಂಪನಿಯ ಹೆಸರು.
ನೆಂಟರು ಬಂದಾಗ ಮಾತ್ರ ಹೊದಿಕೆ ಬದಲಿಸುವ
ಹಾಸಿಗೆಯ ಹಾಗೆ, ಒಳಗೆ ಅದೇ ಹತ್ತಿ.

ಕ್ಲೋರಿನ್ ಸೋರಿದರೆ ಕ್ರಾಸ್ತಾರಿಗೆ ತಿಳಿಸಿ,
ಒಳಸಂಖ್ಯೆ ಮುನ್ನೂರ ಹತ್ತೊಂಬತ್ತು.
ಫೆಲಿಕ್ಸ್ ಕ್ರಾಸ್ತಾ, ಶಿರ್ವದವರು,
ಡಬ್ಬಿಯಲ್ಲಿ ಒಣಸಿಗಡಿ ಚಟ್ನಿ ತಂದು
ಇಡೀ ಪಾಳಿಗೆ ಹಂಚಿ, ವಾಸನೆಗೆ ಬಯ್ಯಿಸಿಕೊಂಡವರು,
ಊರಿಗೆ ಮರಳಿ, ಮನೆ ಕಟ್ಟಿಸಿ,
ಮಣ್ಣಾಗಿಯೂ ಒಂಬತ್ತು ವರ್ಷ.
ಕಾಗದದಲ್ಲಿ ಇನ್ನೂ ರಾತ್ರಿ ಪಾಳಿ ಮುಗಿದಿಲ್ಲ.
ಏಳನೇ ಕವಾಟ ಎಡಕ್ಕೆ ಎರಡು ಸುತ್ತು:
ಏಳನೆಯದು ಗುಜರಿಗೆ ಹೋಗಿದೆ.
ಮಸ್ಕತ್ತಿಗೆ ಟೆಲೆಕ್ಸ್ ಕಳಿಸಿ:
ಆ ಯಂತ್ರ ಕಂಡವನು ಚಹಾ ತರುವ ಕುಂಞಿಪ್ಪ ಒಬ್ಬನೇ,
ಅದರ ಮೇಲೆ ಹಾಲಿನಪುಡಿಯ ಡಬ್ಬಿ ಇಡುತ್ತಿದ್ದನಂತೆ.

ಬೆಳಿಗ್ಗೆ ಹತ್ತಕ್ಕೆ ಅಪಾಯದ ಅಣಕು ಕಸರತ್ತು.
ಸೈರನ್ನು ಕೂಗಿತು. ಎಲ್ಲರೂ ಗೇಟಿನ ಪಕ್ಕದ
ತಗಡಿನ ನೆರಳಿಗೆ ಓಡಿದೆವು, ಅಭ್ಯಾಸಬಲ.
ಮೂರು ಸಲ ಎಣಿಸಿದರೂ ಒಂದು ತಲೆ ಕಡಿಮೆ.
ಫೋರ್ಮನ್ ಖಲ್ಫಾನ್ ಹುಡುಕಲು ಹೊರಟ, ಹಿಂದೆ ನಾನು.

ಮೂರನೇ ಟ್ಯಾಂಕಿನ ಆಚೆ, ಕಾದ ಕಬ್ಬಿಣಕ್ಕೆ ಬೆನ್ನು ತಾಗದಂತೆ
ನೆಟ್ಟಗೆ ನಿಂತಿದ್ದ ಟೇಕ್ ಬಹಾದುರ್,
ಪಾಲ್ಪಾದವನು, ಬಂದು ಹನ್ನೆರಡು ದಿನ.
ಕೈಯಲ್ಲಿ ನಾನೇ ಮೊಹರೊತ್ತಿ ಕೊಟ್ಟ ಪುಟ:
ಸೈರನ್ ಕೇಳಿದೊಡನೆ ಉತ್ತರಕ್ಕೆ ನಡೆದು
ಗಾಫ್ ಮರದಡಿ ಸೇರತಕ್ಕದ್ದು.
'ಮರ ಸಿಗಲಿಲ್ಲ ಸಾಬ್. ಹೆಜ್ಜೆ ಎಣಿಸಿದೆ,
ಇಲ್ಲೇ ಇರಬೇಕು.'

ಇಲ್ಲೇ ಇತ್ತು.
ಖಲ್ಫಾನನ ಅಪ್ಪ ಒಂಟೆ ಕಟ್ಟುತ್ತಿದ್ದ ಮರವಂತೆ,
ಟ್ಯಾಂಕಿಗಾಗಿ ಬೇರುಸಹಿತ ಎತ್ತಿದ್ದು.
ಅವನು ಬಯ್ಯಲಿಲ್ಲ. ನೆಲ ನೋಡಿದ,
ಆಮೇಲೆ ಬಾಟಲಿಯ ನೀರನ್ನೆಲ್ಲ
ಹುಡುಗನ ನೆತ್ತಿಗೆ ಸುರಿದ.
ಇಡೀ ಸ್ಥಾವರದಲ್ಲಿ ಬರೆದದ್ದನ್ನು ಓದಿದವನು ಒಬ್ಬ,
ಲೆಕ್ಕಕ್ಕೆ ಸಿಗದವನೂ ಅವನೇ.

ಮಧ್ಯಾಹ್ನ ತಿದ್ದುಪಡಿಯ ಅರ್ಜಿ ತುಂಬಿದೆ.
ನಕ್ಷೆ ವಿಭಾಗದ ಸಹಿ ಬೇಕು. ನಕ್ಷೆ ವಿಭಾಗ ಮುಚ್ಚಿದೆ.
ಮುಚ್ಚಿದ ಸುತ್ತೋಲೆಯನ್ನು ಕಡತಕ್ಕೆ ಸೇರಿಸಲು
ನಕ್ಷೆ ವಿಭಾಗದ ಸಹಿ ಬೇಕು.
ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆದೆ: ಮರ ಇಲ್ಲ.
ಅಧಿಕೃತ ಪ್ರತಿಯಲ್ಲಿ ಗೀಚುವುದು ಅಪರಾಧ, ಪುಟ ಎರಡು.
ಆ ನಿಯಮ ಮಾತ್ರ ಗಟ್ಟಿಮುಟ್ಟಾಗಿದೆ.

ರಾತ್ರಿ, ಕ್ಯಾಂಪಿನಲ್ಲಿ, ನನ್ನ ಗುರುತುಚೀಟಿ ಮಗುಚಿದೆ.
ಅವಘಡವಾದರೆ ಕರೆಯಿರಿ: ಉಪ್ಪಿನಂಗಡಿಯ ನಂಬರು,
ಬಾವನ ಸೈಕಲ್ ಅಂಗಡಿಯದು.
ಅಂಗಡಿ ಹೋಯಿತು, ಬಾವ ಕುಂದಾಪುರಕ್ಕೆ ಹೋದ.
ಹತ್ತೊಂಬತ್ತು ವರ್ಷ ಇದು ಕೊರಳಲ್ಲಿ ತೂಗಿದೆ,
ನವೀಕರಣದ ಪ್ರತಿ ಸಲ ನಾನೇ ನೋಡಿ
ಸರಿಯಿದೆ ಅಂದಿದ್ದೇನೆ.
ಒತ್ತಿದೆ.
ಒಬ್ಬ ಹೆಣ್ಣುಮಗಳು, ಅಚ್ಚ ಕನ್ನಡದಲ್ಲಿ, ಬೇಸರವಿಲ್ಲದೆ:
ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ.
ಇಲ್ಲದ್ದನ್ನು ಇಲ್ಲವೆನ್ನಲು
ಒಂದು ದನಿಯನ್ನಾದರೂ ನೇಮಿಸಿದ್ದಾರಲ್ಲ!
ಇನ್ನೊಮ್ಮೆ ಒತ್ತಿ ಕೇಳಿದೆ.

ಬಾಗಿಲು ಸದ್ದಾಯಿತು. ಟೇಕ್ ಬಹಾದುರ್,
ನೆತ್ತಿಯ ಸಿಪ್ಪೆ ಸುಲಿದು, ಕಂಕುಳಲ್ಲಿ ಕೈಪಿಡಿ.
'ಸಾಬ್, ಕ್ರಾಸ್ತಾ ಯಾರು?
ಮುನ್ನೂರ ಹತ್ತೊಂಬತ್ತಕ್ಕೆ ಮಾಡಿ ನೋಡಿದೆ,
ಯಾರೂ ಎತ್ತಲಿಲ್ಲ.'
ರಿಂಗಾಯಿತೇ, ಕೇಳಿದೆ.
'ಆಯಿತು ಸಾಬ್. ತುಂಬ ಹೊತ್ತು.'